ಭಾವನ ಭತ್ತ, ನನ್ನ ಮೊಟ್ಟೆ

ಸಂಸಾರ ನಂಬಿಕೆಯ ಮೇಲೆ ನಡೆಯುತ್ತದೆ ಎನ್ನುವವರ ಜೊತೆ ನನಗೆ ಜಗಳವಿಲ್ಲ. ನಡೆಯಲಿ. ಆದರೆ ಭತ್ತ ನಂಬಿಕೆಯ ಮೇಲೆ ಮೊಳೆಯುವುದಿಲ್ಲ. ಪರೀಕ್ಷೆ ಮಾಡದೆ ಯಾವುದನ್ನೂ ಮನೆಯೊಳಗೆ ಬಿಟ್ಟುಕೊಳ್ಳುವವಳಲ್ಲ ನಾನು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ, ಸೀರೆಯ ಅಂಚನ್ನು ಒದ್ದೆ ಬೆರಳಿನಿಂದ ಉಜ್ಜುತ್ತೇನೆ, ಬೆಂಡೆಕಾಯಿಯ ತುದಿ ಮುರಿಯುತ್ತೇನೆ. ನಾನು ಬರುವುದು ಕಂಡರೆ ತರಕಾರಿಯವನು ಬೆಂಡೆಯ ಬುಟ್ಟಿಯನ್ನು ಹಿಂದಕ್ಕೆ ಸರಿಸುತ್ತಾನೆ. "ಇಷ್ಟು ನೋಡಾಕಿ, ನಮ್ಮ ತಮ್ಮನ್ನ ಹೆಂಗೆ ಒಪ್ಪಿದ್ಯಮ್ಮ?" ಎಂದು ನನ್ನ ಗಂಡನ ಅಣ್ಣ ಒಮ್ಮೆ ಕೇಳಿದ್ದರು. "ಆವತ್ತು ಕರೆಂಟ್ ಹೋಗಿತ್ತು ಭಾವ" ಎಂದೆ. ಪಕ್ಕದಲ್ಲೇ ಕೂತಿದ್ದ ನಮ್ಮವರು ಪೇಪರಿನ ಪುಟ ತಿರುಗಿಸಿದರು.

ನಮ್ಮದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮನೆ, ನಮ್ಮವರದು ಹಾರ್ಡ್‌ವೇರ್ ಅಂಗಡಿ. ಗದ್ದೆ ಮಾತ್ರ ಹರಿಹರದ ಕಡೆ, ಚಾನಲ್ ದಂಡೆಯಲ್ಲಿ, ಭಾವನವರ ಗದ್ದೆಗೆ ಅಂಟಿಕೊಂಡೇ ಇದೆ. ಮೊದಲಿನಿಂದ ನಮ್ಮ ಪಾಲನ್ನೂ ಅವರೇ ಮಾಡಿಸುತ್ತಿದ್ದರು. ಕಳೆದ ಹಂಗಾಮಿನಲ್ಲಿ ನಮ್ಮ ಸಸಿಮಡಿ ಅಲ್ಲಲ್ಲಿ ಕೂದಲು ಉದುರಿದ ತಲೆಯಂತೆ ಎದ್ದಿತು. ಸಸಿಗಾಗಿ ಕಂಡಕಂಡವರನ್ನು ಬೇಡಿದ್ದಾಯಿತು. ಈ ಸಲ ನಮ್ಮ ಪಾಲು ನಾನೇ ನೋಡಿಕೊಳ್ಳುತ್ತೇನೆ ಎಂದೆ. ಕೃಷಿ ತರಬೇತಿಗೂ ಹೋಗಿ ಬಂದೆ. ಅಲ್ಲಿ ಹೇಳಿಕೊಟ್ಟದ್ದು ಇಷ್ಟು: ತಾಜಾ ಮೊಟ್ಟೆ ಬರೀ ನೀರಿನಲ್ಲಿ ಮುಳುಗುತ್ತದೆ. ಅದು ಮೇಲೆದ್ದು ನಾಣ್ಯದಷ್ಟು ಬೆನ್ನು ತೋರಿಸುವವರೆಗೆ ಉಪ್ಪು ಕರಗಿಸಬೇಕು. ಆ ನೀರಿಗೆ ಭತ್ತ ಸುರಿದರೆ ಗಟ್ಟಿ ಬೀಜ ತಳಕ್ಕಿಳಿಯುತ್ತದೆ, ಜೊಳ್ಳು ತೇಲುತ್ತದೆ.

ಉಪ್ಪಿಗೆ ಬರವಿರಲಿಲ್ಲ. ಆದರೆ ನಮ್ಮದು ಮೊಟ್ಟೆ ಹೊಸಿಲು ದಾಟದ ಮನೆ. ಬಡಾವಣೆಯ ಅಂಗಡಿಯವರೆಲ್ಲ ಗುರುತಿನವರಾದ್ದರಿಂದ ಆಟೋ ಹತ್ತಿ ವಿನೋಬನಗರಕ್ಕೆ ಹೋದೆ.

"ಒಂದೇ ಸಾಕೇನ್ರಿ? ಡಜನ್ ಒಯ್ರಿ, ಸಸ್ತಾ ಬೀಳ್ತೈತೆ" ಎಂದ ಅಂಗಡಿಯವನು.

"ತಿನ್ನಾಕಲ್ಲಪ್ಪ, ಭತ್ತ ನೋಡಾಕೆ. ತಾಜಾ ಐತಲ್ಲ? ಒಂದು ಲೋಟ ನೀರು ಕೊಡು, ಮುಳುಗಿಸಿ ನೋಡ್ತೀನಿ."

ಅವನು ನನ್ನನ್ನೊಮ್ಮೆ ನೋಡಿ ನೀರು ಕೊಟ್ಟ. ಮೊಟ್ಟೆ ಮುಳುಗಿತು. ಅದನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ಬಂದೆ.

ಹಿತ್ತಿಲ ಬಾಗಿಲಲ್ಲೇ ಅತ್ತೆ ನಿಂತಿದ್ದರು. "ಏನದು ಬ್ಯಾಗಿನಾಗೆ?" ಮುಚ್ಚಿಡುವ ಜಾಯಮಾನ ನನ್ನದಲ್ಲ. ತೆಗೆದು ತೋರಿಸಿ, ಯಾಕೆಂದೂ ಹೇಳಿದೆ. ಅತ್ತೆ ಕೂಗಾಡಲಿಲ್ಲ, ಸೆರಗು ಬಿಗಿಮಾಡಿಕೊಂಡರು. "ತೇಲಿಸಾಕೆ ಇದೇ ಬೇಕೇನು? ಆಲೂಗಡ್ಡಿ ಬಿಟ್ರೆ ಆಗಲ್ವಾ?"

"ತರಬೇತಿಯಾಗ ಮೊಟ್ಟೆ ಅಂತ ಹೇಳ್ಯಾರ್ರಿ ಅತ್ತೆ. ಒಳಗೆ ತರಲ್ಲ. ಆದ್ರೆ ತೇಲಿಸೋದು ಬಿಡಲ್ಲ."

ಅಷ್ಟರಲ್ಲಿ ಭಾವನವರು ಬಿತ್ತನೆ ಭತ್ತದ ಚೀಲ ಇಳಿಸಲು ಬಂದರು. ಪ್ರತಿ ಸಲದ ಹಾಗೆ ಅವರದೇ ಗದ್ದೆಯಲ್ಲಿ ಬೆಳೆದು, ಅವರೇ ಎತ್ತಿಟ್ಟ ಬೀಜ. ವಿಷಯ ತಿಳಿದು ಮುಖ ಕೆಂಪಗಾಯಿತು. "ನಾನು ಕೊಟ್ಟ ಬೀಜಕ್ಕೆ ಪರೀಕ್ಷೆನಾ? ನಮ್ಮಪ್ಪ ಇದ್ದಾಗ ಯಾವ ತತ್ತಿ ಬಂದು ನೋಡಿತ್ತಮ್ಮ?"

"ಈಗ ಬಂದೈತಲ್ಲ ಭಾವ, ಕೂಡ್ರಿ" ಎಂದು ಕುರ್ಚಿ ಹಾಕಿದೆ.

ಬಟ್ಟೆ ನೆನೆಸುವ ಟಬ್ಬಿನಲ್ಲಿ ಉಪ್ಪು ಕಲಕುತ್ತ ಹೋದೆ. ಕೊನೆಗೆ ಮೊಟ್ಟೆ ಮೆಲ್ಲಗೆ ಎದ್ದು ಬೆನ್ನು ತೋರಿಸಿತು. ಅತ್ತೆ ತಾವು ತಂದಿದ್ದ ಆಲೂಗಡ್ಡೆಯನ್ನೂ ಬಿಟ್ಟರು. ಅದೂ ತೇಲಿತು. "ಈಗ ಆ ತತ್ತಿ ಆಚೆ ಕಳಿಸು" ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಭತ್ತ ಸುರಿದೆ. ಹತ್ತಿರ ಹತ್ತಿರ ಅರ್ಧ ಮೇಲೆ ಬಂತು.

ಭಾವನವರು ಬಗ್ಗಿ ನೋಡಿದರು. "ಇಷ್ಟು ಉಪ್ಪು ಹಾಕಿದ್ರೆ ಮನುಷ್ಯನೂ ತೇಲ್ತಾನೆ. ಇದು ನೀರಿನ ತಪ್ಪು."

"ಮುಳುಗಿದ್ದೂ ಇದೇ ನೀರಿನಾಗ ಐತಲ್ಲ ಭಾವ."

ಅವರು ತೇಲಿದ್ದನ್ನೆಲ್ಲ ಬಾಚಿ ಚೀಲಕ್ಕೆ ತುಂಬಿಕೊಂಡರು. ದನಕ್ಕೆ ಹಾಕುತ್ತೀರಾ ಎಂದು ಕೇಳಿದೆ. "ಬಿತ್ತಾಕೆ" ಎಂದು ಗಾಡಿ ಹತ್ತಿದರು. ನಾನು ಉಳಿದ ಬೀಜದ ಉಪ್ಪು ಹೋಗುವಂತೆ ತೊಳೆದೆ. ಒಂದು ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡಿದೆ. ಆಮೇಲೆ ಮಿಕ್ಕಿದ್ದಕ್ಕೆ ರೋಗದ ಔಷಧಿ ಬೆರೆಸಿ, ನೆರಳಲ್ಲಿ ಆರಿಸಿ, ಹರಿಹರಕ್ಕೆ ಒಯ್ದು ಬಿತ್ತಿಸಿದೆ. ಇನ್ನಷ್ಟು ಬೀಜ ಕೊಳ್ಳೋಣವೇ ಎಂದು ನಮ್ಮವರು ಕೇಳಿದರು. ಗಟ್ಟಿ ಬೀಜ ಇಷ್ಟೇ ಸಾಕು, ಬೇಡ ಎಂದೆ.

ನನ್ನ ಸಸಿಮಡಿ ಕೈಯಾಡಿಸಬೇಕು ಎನ್ನಿಸುವಷ್ಟು ದಟ್ಟವಾಗಿ ಎದ್ದಿತು. ಭಾವನವರು ತೇಲಿದ ಬೀಜವನ್ನು ಅದರ ಪಕ್ಕದಲ್ಲೇ, ಬೇಕೆಂದೇ, ಬೇರೆ ಮಡಿಯಲ್ಲಿ ಚೆಲ್ಲಿಸಿದ್ದರು. ಅಲ್ಲೊಂದು ಇಲ್ಲೊಂದು ಬಂದಿತ್ತು. "ಬಂದೈತೆ ನೋಡು" ಎಂದರು. "ಬಂದೈತೆ ಭಾವ, ಒಂದನ್ನೊಂದು ಹುಡುಕ್ತಾ ನಿಂತೈತೆ" ಎಂದೆ. ಅವತ್ತು ಬದುವಿನ ಮೇಲೆ ಅಗತ್ಯಕ್ಕಿಂತ ಹೆಚ್ಚು ಓಡಾಡಿದೆ.

ನಾಟಿಯ ದಿನ ಚಾನಲ್ ನೀರು ಗದ್ದೆಗೆ ಬಂದು ನಿಂತಿತ್ತು, ಹೆಣ್ಣಾಳುಗಳು ಸಾಲಾಗಿ ಬಗ್ಗಿದ್ದರು. ಸಂಜೆಯ ಹೊತ್ತಿಗೆ ನನ್ನ ಸಸಿ ಮುಗಿಯಿತು, ಗದ್ದೆ ಮುಗಿಯಲಿಲ್ಲ. ಕೆಳಗಿನ ಮೂಲೆ ಪೂರಾ ಖಾಲಿ. ಆಳುಗಳು ನನ್ನ ಮುಖ ನೋಡಿದರು. ಬದುವಿನ ಮೇಲೆ ಕೂತಿದ್ದ ಭಾವನವರು ನಿಧಾನವಾಗಿ ಎದ್ದು, "ಆ ತೇಲಿದ ಬೀಜದ ಮಡಿಯಾಗ ಒಂದಿಷ್ಟು ಉಳದೈತಮ್ಮ. ಬೇಕೇನು?" ಎಂದರು. ದನಿಯಲ್ಲಿ ಕುಹಕವಿರಲಿಲ್ಲ, ಅದೇ ಕಷ್ಟವಾಯಿತು.

"ಕೊಡ್ರಿ" ಎಂದೆ. "ಆದ್ರೆ ನೋಡಿ ತಗೋತೀನಿ."

ಸೀರೆ ಎತ್ತಿ ಸಿಕ್ಕಿಸಿ ಕೆಸರಿಗಿಳಿದು, ಒಂದೊಂದೇ ಕಟ್ಟು ಬಿಚ್ಚಿ, ಬೇರು ನೋಡಿ, ಹಳದಿ ತಿರುಗಿದ್ದನ್ನು ಬದಿಗೆ ಎಸೆದು, ಉಳಿದದ್ದನ್ನು ಆಳುಗಳ ಕೈಗೆ ಕೊಟ್ಟೆ. ಹೆಣ್ಣಾಳುಗಳು ನಕ್ಕರು, ನಗಲಿ. ಮೂಲೆ ತುಂಬಿತು. ನಾನು ಅವತ್ತು ಅವರ ಮುಂದೆ ಬಗ್ಗಿದೆ ಎಂದು ಭಾವನವರು ಹರಿಹರದ ತುಂಬ ಹೇಳಿಕೊಂಡು ತಿರುಗುತ್ತಿದ್ದಾರಂತೆ. ಬಗ್ಗಿದ್ದು ನಿಜ. ಬಗ್ಗದೆ ಬೇರು ನೋಡುವುದು ಹೇಗೆ?