ಮದ್ರಾಸು ಕಂಪನಿಯ ಮೋಟಾರು ಮಾರಲು ಹೊರಟಾಗ

ಮೋಟಾರು ಮಾರುವವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಎದುರಿಗೆ ಬಂದು ನಿಲ್ಲುತ್ತದೆ. ಆಗ ನಾನು ಮದ್ರಾಸಿನ ಒಂದು ಕಂಪನಿಯ ಏಜೆಂಟ್. ಹೊಸಪೇಟೆಯಲ್ಲಿ ಬಾಡಿಗೆ ಕೋಣೆ, ಸುತ್ತಲ ಊರುಗಳೆಲ್ಲ ನನ್ನ ಪಾಲಿಗೆ. ಕೈಯಲ್ಲಿ ಆ ವರ್ಷದ ಎಲ್ಲ ಮಾದರಿಗಳ ಬಣ್ಣದ ಚಿತ್ರಪುಸ್ತಕ, ತೋರಿಸಲಿಕ್ಕೆಂದು ಕಂಪನಿ ಕೊಟ್ಟ ಒಂದು ಗಾಡಿ. ವಿಲಾಯತಿಯಿಂದ ಹಡಗಿನಲ್ಲಿ ಬರುವ ಭಾರಿ ಮೋಟಾರುಗಳು, ರಾಜರು ಜಮೀನ್ದಾರರು ಹತ್ತುವಂಥವು. ಕೊಳ್ಳುವ ಶಕ್ತಿಯಿದ್ದವರು ನಮ್ಮ ಕಡೆಯೂ ಇದ್ದರು. ಮನಸ್ಸು ಮಾತ್ರ ಇರಲಿಲ್ಲ.

ಇಬ್ಬರ ಗಾಡಿ

ಪುಸ್ತಕದ ಮೊದಲ ಪುಟದಲ್ಲಿ ಇಬ್ಬರೇ ಕೂರುವ ಚಿಕ್ಕ ಗಾಡಿ. ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರಿಗೆ ಅದರ ಮೇಲೆ ಕಣ್ಣು ಬಿತ್ತು. ಚಿತ್ರವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಮಸ್ತ್ ಐತ್ರಿ. ಆದ್ರ ನಮ್ಮ ಅತ್ತಿಯವರು ನಮ್ಮ ಮನ್ಯಾಗ ಇರ್ತಾರ. ಅವರನ್ನ ಬಿಟ್ಟು ನಾವು ಎಲ್ಲಿಗೂ ಹೋಗಂಗಿಲ್ಲ. ಅವರು ಎಲ್ಲಿ ಕುಂದ್ರಬೇಕು?"

ಈ ಪ್ರಶ್ನೆಗೇ ಕಾದಿದ್ದೆ. "ಅದಕ್ಕೂ ವ್ಯವಸ್ಥಾ ಐತ್ರಿ. ಹಿಂದ ಈ ಮುಚ್ಚಳ ಎತ್ತಿದ್ರ ಇನ್ನೊಂದು ಸೀಟು. ಬ್ಯಾಡಾದಾಗ ಮುಚ್ಚಿಬಿಟ್ರಾತು."

ಸಾಹುಕಾರರ ಮುಖ ಅರಳಿತು. ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು: "ಆ ಮುಚ್ಚಳ ಒಳಗಿಂದ ತಗೀಲಿಕ್ಕೆ ಬರತೈತೇನ್ರಿ?"

ಬಾಗಿಲ ಹಿಂದೆ ಯಾರೋ ಕೆಮ್ಮಿದರು. ಆಮೇಲೆ ಒಂದು ಮುದಿ ದನಿ, ಬಲು ಮರ್ಯಾದೆಯಿಂದ: "ಮೋಟಾರಿನವರು ಹೊಂಟ್ರು. ಮಜ್ಜಿಗಿ ಕೊಟ್ಟು ಕಳಸ್ರಿ."

ನಾನು ಇನ್ನೂ ಎದ್ದೇ ಇರಲಿಲ್ಲ.

ಗಾಜಿನ ತಡಿಕೆ

ಎಲ್ಲಕ್ಕಿಂತ ದೊಡ್ಡದು ಏಳು ಜನರ ಗಾಡಿ. ಡ್ರೈವರಿಗೂ ಧಣಿಗೂ ನಡುವೆ ಗಾಜಿನ ತಡಿಕೆ. ಸಂಡೂರಿನ ಮ್ಯಾಂಗನೀಸ್ ಗುತ್ತಿಗೆದಾರರೊಬ್ಬರಿಗೆ ಅದರ ಮಹಿಮೆಯನ್ನು ವರ್ಣಿಸಿದೆ.

"ಗಾಜು ಏರಿಸಿದ್ರ ನೀವು ಆಡಿದ ಮಾತು ಡ್ರೈವರ್‌ಗೆ ಕೇಳಂಗಿಲ್ರಿ."

"ಅವ ಆಡಿದ್ದು ನನಗ?"

"ಅದೂ ಕೇಳಂಗಿಲ್ರಿ. ಪೂರಾ ಶಾಂತ."

ಅವರು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು. "ಬ್ಯಾಡ್ರಿ. ಯಾವ ಗಣ್ಯಾಗ ಎಷ್ಟು ಅದಿರು ಬಿತ್ತು, ಯಾರ ಮೇಸ್ತ್ರಿ ಯಾರ ಕಡೆ ಹಾರಿದ, ಎಲ್ಲಾ ನಮ್ಮ ಗಾಡಿ ಹೊಡಿಯಾವ ಹೇಳಿದ ಮ್ಯಾಲೇ ನನಗ ಗೊತ್ತಾಗಾದು. ನಡುವ ಗಾಜು ಹಾಕಿದ್ರ ನನ್ನ ವ್ಯಾಪಾರ ಮುಳುಗತೈತಿ."

ನಾನು ಪುಸ್ತಕವನ್ನು ಚೀಲಕ್ಕೆ ಹಾಕಿದೆ. ಅವರು ನಕ್ಕರು. "ಕಂಪ್ಲ್ಯಾಗ ನಿಮಗ ಬರೇ ಮಜ್ಜಿಗಿ ಸಿಕ್ತು ಅಂತಲ್ಲ? ಅದೂ ಅವನೇ ಹೇಳಿದ್ದು."

ಬಿಚ್ಚುವ ಚಾವಣಿ

ನನ್ನ ಬಳಿ ಇದ್ದ ಗಾಡಿಯ ಬಟ್ಟೆಯ ಚಾವಣಿಯನ್ನು ಹಿಂದಕ್ಕೆ ಮಡಿಸಬಹುದಿತ್ತು. ಬುಕ್ಕಸಾಗರದ ಗೌಡರೊಬ್ಬರಿಗೆ ಅದನ್ನು ತೋರಿಸಲು ಹೋದೆ. ಅವರ ಅರ್ಧ ಗದ್ದೆ ತುಂಗಭದ್ರೆಯ ಆಚೆ ದಡದಲ್ಲಿ.

"ಹೊಳಿ ಆಚಿ ಹೋಗತೈತೇನ್ರಿ?"

"ಎಲ್ಲಿ ಬೇಕಾದ್ರೂ ಹೋಗತೈತಿ" ಎಂದು ಬಾಯಿತಪ್ಪಿ ಅಂದುಬಿಟ್ಟೆ.

ಗೌಡರು ಅಂಬಿಗನನ್ನು ಕರೆಸಿದರು. ಅವನು ಕೈಯಲ್ಲಿದ್ದ ಹುಟ್ಟುಗೋಲಿನಿಂದ ಗಾಡಿಯ ಉದ್ದ ಅಳೆದ, ಅಗಲ ಅಳೆದ. "ಗೌಡ್ರ, ಇದು ಹರಿಗೋಲಿನ್ಯಾಗ ಹಿಡಿಯಂಗಿಲ್ಲ. ಆದ್ರ ಹರಿಗೋಲು ಇದರ ಮ್ಯಾಲೆ ಬರೋಬ್ಬರಿ ಕುಂದರತೈತಿ."

ಸೆಳವಿಗೆ ಕೆಳಗೆ ಹೋದ ಹರಿಗೋಲನ್ನು ದಿನವೂ ತಲೆಯ ಮೇಲೆ ಹೊತ್ತು ಮೇಲಿನ ದಡಕ್ಕೆ ತರುವುದು ಅವನ ಪಾಡು. ನಾನು ಬೇಡವೆನ್ನುವಷ್ಟರಲ್ಲಿ ಚಾವಣಿ ಮಡಿಸಿ, ಹರಿಗೋಲನ್ನು ಬೋರಲು ಹಾಕಿ, ಅದರಡಿ ತಾನೂ ಕುಳಿತ. ರಾಜರು ಹತ್ತುವ ಮೋಟಾರಿನಲ್ಲಿ ಆ ಮಧ್ಯಾಹ್ನ ಮೂರು ಹರಿಗೋಲು ಸಾಗಿಸಿದೆ. ಇಳಿಯುವಾಗ ಅವನು ಬೆನ್ನು ತಟ್ಟಿ ಹೇಳಿದ: "ನಾಳಿನೂ ಬರ್ರಿ. ಸಂಕೋಚ ಮಾಡ್ಕೋಬ್ಯಾಡ್ರಿ."

ಪೊಂ ಪೊಂ

ಕಡೆಗೆ ಮದ್ರಾಸಿನಿಂದ ಕಾಗದ ಬಂತು: ತಿಂಗಳೊಳಗೆ ಏನನ್ನಾದರೂ ಮಾರು, ಇಲ್ಲದಿದ್ದರೆ ಗಾಡಿ ಒಪ್ಪಿಸಿ ಮನೆಗೆ ಹೋಗು.

ಅದೇ ವಾರ ಗಾದಿಗನೂರಿನ ಗೌಡಸಾನಿಯೊಬ್ಬರ ಅಂಗಳದಲ್ಲಿ ಗಾಡಿ ನಿಲ್ಲಿಸಿದೆ. ಗಂಡ ಹೋದ ಮೇಲೆ ಹೊಲಮನೆ ಎಲ್ಲ ಅವರೇ ನೋಡುತ್ತಿದ್ದರು. ಎಂಜಿನ್ನು, ಗಾಲಿ, ಮೆತ್ತನೆ ಸೀಟು ಯಾವುದನ್ನೂ ಅವರು ನೋಡಲಿಲ್ಲ. ರಬ್ಬರಿನ ಬುಂಡೆಯ ಹಾರನ್ನನ್ನು ಹಿಚುಕಿದರು. ಪೊಂ! ಇನ್ನೊಮ್ಮೆ. ಪೊಂ ಪೊಂ!

"ಹಾದ್ಯಾಗಿನ ಎಮ್ಮಿ ಎಬ್ಬಿಸಿ ಎಬ್ಬಿಸಿ ನಮ್ಮ ಗಾಡಿಯವನ ಗಂಟ್ಲು ಹೋಗೇತಿ. ಇದೊಂದು ಕೊಡಪ್ಪಾ."

ಪೆಟ್ಟಿಗೆಯಲ್ಲಿ ಇನ್ನೊಂದು ಹಾರನ್ನು ಇತ್ತು, ದುಡ್ಡು ಎಣಿಸಿಕೊಂಡು ಕೊಟ್ಟೆ. ಕಂಪನಿಗೆ ತಂತಿ ಹೊಡೆದೆ: "ಗಾದಿಗನೂರಿನ ಗೌಡಸಾನಿ ನಮ್ಮ ಮಾಲು ಕೊಂಡಿದ್ದಾರೆ." ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಉತ್ತರಕ್ಕೆ ಕಾದರೆ, ಮೊದಲ ಗಿರಾಕಿಯ ಮುಖ ನೋಡಬೇಕೆಂದು ಕಂಪನಿಯ ಬಿಳಿ ದೊರೆಯೇ ರೈಲಿನಲ್ಲಿ ಬಂದಿಳಿದ! ಅವನನ್ನು ಗಾಡಿಯಲ್ಲಿ ಗಾದಿಗನೂರಿಗೆ ಕರೆದೊಯ್ಯುವಾಗ ದಾರಿಯುದ್ದಕ್ಕೂ ನಿಜ ಹೇಳಿಬಿಡೋಣವೆಂದು ನಾಲ್ಕು ಸಲ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ತಿರುವಿನ ಆಚೆ ಧೂಳೆದ್ದಿತು. ಪೊಂ ಪೊಂ!

"ನಮ್ಮದೇ ಹಾರನ್ನು!" ದೊರೆ ಕುಣಿದೆದ್ದ. "ಪಕ್ಕಕ್ಕೆ ನಿಲ್ಲಿಸು. ಅವರಿಗೆ ದಾರಿ ಬಿಡು." ಇಳಿದು ಟೈ ನೇರ ಮಾಡಿಕೊಂಡು, ಟೋಪಿ ಕೈಯಲ್ಲಿ ಹಿಡಿದು ರಸ್ತೆಯಂಚಿಗೆ ನಿಂತ.

ಧೂಳಿನೊಳಗಿಂದ ಮೊದಲು ನಾಲ್ಕು ಕೊಂಬು ಹೊರಬಂದವು. ಅವುಗಳ ಹಿಂದೆ ಎತ್ತು, ಬಂಡಿ, ಬಂಡಿಯ ತುಂಬ ಜೋಳದ ಸೊಪ್ಪೆ, ಸೊಪ್ಪೆಯ ಮೇಲೆ ಹಾರನ್ನು ಹಿಡಿದ ಗೌಡಸಾನಿ.

ದೊರೆ ಬಂಡಿಯ ಹಿಂದೆ ಇಣುಕಿ ನೋಡಿದ. ಆಮೇಲೆ ಇಂಗ್ಲಿಷಿನಲ್ಲಿ, "ಉಳಿದದ್ದೆಲ್ಲಿ?" ಎಂದ. ಅದನ್ನೇ ಗೌಡಸಾನಿಯವರಿಗೆ ಕನ್ನಡದಲ್ಲಿ ಹೇಳಿದೆ.

"ಎತ್ತು ಇನ್ನೂ ಭಾಳ ಗಟ್ಟಿ ಅದಾವಪ್ಪಾ. ಅವಕ್ಕ ವಯಸ್ಸಾಗ್ಲಿ, ಉಳಿದದ್ದೂ ತಗೋತೀನಿ ಅನ್ನು ದೊರಿಗೆ."

ಅದನ್ನೂ ಇಂಗ್ಲಿಷಿಗೆ ತಂದು ಹೇಳಿದೆ. ನನ್ನ ಕೆಲಸ ಇಲ್ಲಿಗೆ ಮುಗಿಯಿತು ಅಂದುಕೊಂಡೆ. ದೊರೆ ಟೋಪಿ ಹಾಕಿಕೊಂಡ. ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದ, ಪೆನ್ಸಿಲು ತೆಗೆದ. ಎತ್ತುಗಳನ್ನು ಕೊಂಬಿನಿಂದ ಬಾಲದವರೆಗೆ ನೋಡಿ ನನ್ನ ಕಡೆ ತಿರುಗಿದ.

"ಕೇಳು, ಇವಕ್ಕೆ ಈಗ ಎಷ್ಟು ವಯಸ್ಸು?"