ಕಿಟಕಿಗೆ ಅಂಟಿಸಿದ ಇಪ್ಪತ್ತನಾಲ್ಕು ಚಿತ್ರಗಳು

ಎಲ್ಲಕ್ಕೂ ಕಾರಣ ಒಂದು ಪೆನ್‌ಡ್ರೈವು. ಹೆಬ್ಬೆರಳಿನಷ್ಟೂ ಇಲ್ಲದ ಅದನ್ನು ಕಲಾ ಕಾಲೇಜಿನ ಪ್ರಿನ್ಸಿಪಾಲರು ಚಿತ್ರದ ಮೇಷ್ಟ್ರ ಅಂಗೈಯಲ್ಲಿಟ್ಟರು.

"ಹತ್ತು ಗಂಟೆಗೆ ಹೈಸ್ಕೂಲಿಗೆ ಹೋಗಿ ಇದನ್ನ ತೋರಿಸಿ. ಹತ್ತು ಮಕ್ಕಳು ಸೇರಿದ್ರೆ ನಿಮ್ಮ ಪೇಂಟಿಂಗ್ ವಿಭಾಗ ಉಳಿಯುತ್ತೆ. ಇಲ್ಲಾಂದ್ರೆ ಬೀಗ. ನೀವು ಲೈಬ್ರರೀಲಿ ಕೂತು ಧೂಳು ಹೊಡೀರಿ."

"ನನ್ನ ಚಿತ್ರಗಳನ್ನೇ ತಗೊಂಡು ಹೋಗ್ಲಾ ಸಾರ್?"

"ಈ ಕಾಲದಲ್ಲಿ ಕಾಗದ ಯಾರ್ರೀ ನೋಡ್ತಾರೆ? ಮಲ್ಟಿಮೀಡಿಯಾ ಕಣ್ರೀ, ಮಲ್ಟಿಮೀಡಿಯಾ!"

ಸ್ಲೈಡುಗಳನ್ನು ತಯಾರಿಸಿದವರು ಗ್ರಾಫಿಕ್ಸ್ ಮೇಷ್ಟ್ರು. ಅದರಲ್ಲಿ ಅಕ್ಷರಗಳು ನೆಟ್ಟಗೆ ಬರುತ್ತಿರಲಿಲ್ಲ. ಬೆದರಿದ ಕೋಳಿಗಳಂತೆ ನಾಲ್ಕೂ ಕಡೆಯಿಂದ ಹಾರಿ ಬರುತ್ತಿದ್ದವು. "ಗುಂಡಿ ಒತ್ತೋದಷ್ಟೇ ನಿಮ್ಮ ಕೆಲಸ. ಮಧ್ಯೆ ಬಾಯಿ ಹಾಕಿ ಕೆಡಿಸ್ಬೇಡಿ" ಎಂದು ಅವರು ತಾಕೀತು ಮಾಡಿದರು. ಮೇಷ್ಟ್ರಿಗೆ ಮೈ ಉರಿದುಹೋಯಿತು. ಇರಲಿ ಎಂದು ತಮ್ಮ ಇಪ್ಪತ್ತನಾಲ್ಕು ಚಿತ್ರಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡೇ ಹೊರಟರು.

ಹೈಸ್ಕೂಲಿನ ಹಾಲಿಗೆ ಆರು ದೊಡ್ಡ ಕಿಟಕಿ. ಒಂದಕ್ಕೂ ಪರದೆಯಿಲ್ಲ. ಬಿಸಿಲು ಸುರಿಯುತ್ತಿತ್ತು. ಪ್ರೊಜೆಕ್ಟರು ಹಚ್ಚಿದರೆ ಗೋಡೆಯ ಮೇಲೆ ಒಂದು ಪೇಲವ ಕಲೆ ಬಿಟ್ಟು ಬೇರೇನೂ ಕಾಣಲಿಲ್ಲ.

"ಏನ್ರೀ ಇದು, ಗೋಡೆಗೆ ಜ್ವರ ಬಂದ ಹಾಗಿದೆ?" ಎಂದರು ಹೆಡ್ಮಾಸ್ಟರು. "ಬೇಗ ಮುಗಿಸಿ. ನಿಮ್ಮ ಹಿಂದೇನೇ ಇನ್ನೊಂದು ಕಲಾ ಕಾಲೇಜಿನವರು ಬರ್ತಾರೆ. ಅದೇನದು ಕಂಕುಳಲ್ಲಿ ದಪ್ಪ ಕಾಗದ? ಕಿಟಕಿಗೆ ಅಂಟಿಸಿ!"

"ಸಾರ್, ಅದು ಚಿತ್ರ..."

"ಹಾಗಾದ್ರೆ ಮುಖ ಹೊರಗಿರ್ಲಿ. ಒಳಗಿದ್ರೆ ಮಕ್ಕಳು ನಿಮ್ಮ ಸಿನಿಮಾ ಬಿಟ್ಟು ಅದನ್ನೇ ನೋಡ್ತಾ ಕೂತ್ಕೊಳ್ತಾರೆ."

ಒಳಗಡೆ ಸರಳು ಅಡ್ಡ. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಹೊರಗೆ ಹೋಗಿ, ಸ್ಟೂಲು ಹತ್ತಿ, ಕಿಟಕಿಗೆ ನಾಲ್ಕರಂತೆ ಅಂಟಿಸಿದರು. ಗಾಳಿಗೆ ಹಾರಬಾರದೆಂದು ಮೂಲೆಮೂಲೆಗೂ ರಟ್ಟಿನ ಡಬ್ಬಕ್ಕೆ ಹಾಕುವ ಅಗಲದ ಕಂದು ಟೇಪು ಬಿಗಿದರು. ಆಗ ಮೈದಾನದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಒಳಗೆ ಕತ್ತಲಾಯಿತು. ಫ್ಯಾನು ತಿರುಗಿತು. ಸ್ಲೈಡುಗಳ ಹಿನ್ನೆಲೆಗೆ ಗ್ರಾಫಿಕ್ಸ್ ಮೇಷ್ಟ್ರು ಹಾಕಿದ್ದ ಕೊಳಲು ಮೆಲ್ಲಗೆ ನುಡಿಯಿತು. ಅಕ್ಷರಗಳು ಹಾರಿ ಹಾರಿ ಬಂದವು. ಮೊದಲು ಹೆಡ್ಮಾಸ್ಟರ ತಲೆ ವಾಲಿತು. ಹಿಂದೆಯೇ ಸಾಲು ಸಾಲಾಗಿ ಮಕ್ಕಳ ತಲೆಗಳು, ಗಾಳಿಗೆ ಮಲಗಿದ ಪೈರಿನಂತೆ. ಮುಕ್ಕಾಲು ಗಂಟೆ ಕಳೆದು "ಬನ್ನಿ, ಕನಸು ಕಾಣೋಣ!" ಎಂಬ ಕೊನೆಯ ಸ್ಲೈಡು ಬರುವ ಹೊತ್ತಿಗೆ ಇಡೀ ಹಾಲು ಆ ಕೆಲಸ ಶುರುಮಾಡಿ ಬಹಳ ಹೊತ್ತಾಗಿತ್ತು.

ಅಷ್ಟರಲ್ಲಿ ಹೊರಗಿನಿಂದ ಚಪ್ಪಾಳೆ! ಮೇಷ್ಟ್ರು ಓಡಿದರು.

ಆಟದ ಪೀರಿಯಡ್ಡಿಗೆ ಬಂದಿದ್ದ ಇನ್ನೊಂದು ತರಗತಿ ಚೆಂಡು ಬಿಸಾಕಿ ಕಿಟಕಿಗಳ ಮುಂದೆ ನಿಂತಿತ್ತು. ಛತ್ರಿ ರಿಪೇರಿ ಮುದುಕನ ಚಿತ್ರದ ಕೆಳಗಂತೂ ನೂಕುನುಗ್ಗಲು. ನಡುವೆ ಬಟ್ಟೆಚೀಲದ ಒಬ್ಬ ಮನುಷ್ಯ ಅರ್ಜಿ ಹಂಚುತ್ತಿದ್ದ.

"ನೋಡಿ ಮಕ್ಕಳೇ, ಬಣ್ಣ ಅಂದ್ರೆ ಇದು! ನಮ್ಮ ಕಾಲೇಜಿಗೆ ಬನ್ನಿ, ಹೀಗೆ ಬಿಡಿಸೋದು ಕಲಿಸ್ತೀವಿ."

ಮೇಷ್ಟ್ರು ಗುಂಪಿನೊಳಗೆ ನುಗ್ಗಿದರು. ಎರಡು ಜಡೆಯ ಹುಡುಗಿಯೊಬ್ಬಳು ಹತ್ತಿರ ಬಂದಳು. "ಸಾರ್, ಪೆನ್ನು ಕೊಡ್ತೀರಾ? ಅರ್ಜಿ ತುಂಬ್ಬೇಕು."

"ನಮ್ಮ ಕಾಲೇಜಿಗೆ ಯಾಕಮ್ಮ ಬರಲ್ಲ?"

"ಒಳಗೆ ಸಿನಿಮಾ ತೋರಿಸ್ತಿದ್ದೋರು ನೀವೇ ಅಲ್ವಾ? ನಿಮ್ಮಲ್ಲಿ ಬರೀ ಕಂಪ್ಯೂಟರ್ ಅಂತಲ್ಲ ಸಾರ್. ನಂಗೆ ಈ ಮುದುಕನ್ನ ಬಿಡಿಸಿದ ಮೇಷ್ಟ್ರ ಹತ್ರಾನೇ ಕಲೀಬೇಕು."

"ಅಯ್ಯೋ, ಬಿಡಿಸಿದ್ದು ನಾನೇ ಕಣಮ್ಮ! ಮೂಲೇಲಿ ನನ್ನ ರುಜು ಇದೆ, ನೋಡು!"

ಸಾಕ್ಷಿ ಹೇಳಬೇಕಾದ ಹೆಡ್ಮಾಸ್ಟರು ಒಳಗೆ ಇನ್ನೂ ಗೊರಕೆ ಹೊಡೆಯುತ್ತಿದ್ದರು. ಮೇಷ್ಟ್ರು ರುಜುವನ್ನು ಮುಚ್ಚಿದ್ದ ಟೇಪು ಹಿಡಿದು ಸರ್ರನೆ ಎಳೆದರು. ಟೇಪು ಬಂತು. ಅದರ ಜೊತೆ ಕಾಗದದ ಸಿಪ್ಪೆ, ಬಣ್ಣ, ರುಜು ಎಲ್ಲವೂ ಕಿತ್ತುಬಂದು ಅವರ ಹೆಬ್ಬೆರಳಿಗೆ ಸುತ್ತಿಕೊಂಡವು. ಚಿತ್ರದ ಮೂಲೆಯಲ್ಲಿ ಬೋಳು ಬಿಳಿ ಉಳಿಯಿತು.

"ಸಾರ್!" ಹುಡುಗಿ ಬಟ್ಟೆಚೀಲದವನತ್ತ ತಿರುಗಿ ಕೂಗಿದಳು. "ಬೇಗ ಬನ್ನಿ, ಈ ಕಂಪ್ಯೂಟರ್ ಮೇಷ್ಟ್ರು ನಿಮ್ಮ ಚಿತ್ರ ಹರೀತಿದ್ದಾರೆ!"

ಅವನು ಬಂದು ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿ ಲೊಚಗುಟ್ಟಿದ.

"ಹೋಗ್ಲಿ ಬಿಡಮ್ಮ, ಪಾಪ. ಗುಂಡಿ ಒತ್ತೋರಿಗೆ ಬಣ್ಣದ ಬೆಲೆ ಏನು ಗೊತ್ತು!"