ಗಾಜಿನ ಮನೆಗೊಬ್ಬ ಹಿರಿಯ

ಲಿಂಗಸುಗೂರಿನ ತಹಶೀಲ್ದಾರ ಸಾಹೇಬರ ಬಂಗಲೆಗೆ ಸುಣ್ಣ ಹೊಡೆಯುವ ಕೆಲಸ ಬಂದದ್ದರಿಂದ ಅವರ ಮೀನುಗಳು ಗುಮಾಸ್ತ ಅಮರಗುಂಡಪ್ಪನ ಬಾಡಿಗೆ ಕೋಣೆಗೆ ಬಂದವು. ಚಿಕ್ಕ ಗಾಜಿನ ತೊಟ್ಟಿ, ತಳದಲ್ಲಿ ಮರಳು, ಅಡ್ಡ ಮಲಗಿಸಿದ ಒಂದು ಮಣ್ಣಿನ ಕುಡಿಕೆ, ಕಿರುಬೆರಳಿನಷ್ಟು ಉದ್ದದ ಗಂಡ ಹೆಂಡತಿ. ಹೈದರಾಬಾದಿನ ಯಾವುದೋ ನವಾಬರ ಬಂಗಲೆ, ದೇವಡಿಯ ಸಾಮಾನು ಹರಾಜಾದಾಗ ಸಾಹೇಬರು ಕುರ್ಚಿ ಕೊಳ್ಳಲು ಹೋಗಿ ಇವನ್ನು ಕೊಂಡಿದ್ದರು.

"ಗಿಡ್ಡ ಸಿಕ್ಲಿಡ್ ಅಂತಾರ ಇವಕ್ಕ. ಅಮೆರಿಕಾದವು," ಎಂದರು ಸಾಹೇಬರು, ರಾಯಚೂರಿನ ಬಸ್ಸಿಗೆ ಹೊರಡುತ್ತ. "ಎರಡೇ ಅದಾವಲ್ಲ, ದಿನಾ ಕಚ್ಚಾಡ್ತಾವ. ಜೋಡಿಗೆ ಬ್ಯಾರೆ ಮೀನ ಬಿಡು. ಸಣ್ಣವು, ಸಾಧು, ನೀರಿನ ಮ್ಯಾಲ ಓಡಾಡೋವು. ತಳದಾಗ ಇವರ ಜಾಗಾಕ್ಕ ಬರಬಾರದು. ಸಂಜಿಗೆ ಬರ್ತೀನಿ. ಇವು ಖುಷಿಯಿಂದ ಇದ್ದವು ಅಂದ್ರ ನಿನ್ನ ಸಿಂಧನೂರಿನ ಬದ್ಲಿ ಆತು ಅಂತ ತಿಳಕೊ. ಸತ್ತವು ಅಂದ್ರ..."

ವಾಕ್ಯ ಪೂರ್ತಿ ಮಾಡುವುದು ಗುಮಾಸ್ತರ ಕೆಲಸ.

ಅಮರಗುಂಡಪ್ಪ ವರ್ಗ ಕೇಳಿದ್ದ ಸಿಂಧನೂರಿನಲ್ಲಿ ಅವನ ಹೆಂಡತಿ ಕಲ್ಯಾಣಮ್ಮ ತವರಿನಲ್ಲಿದ್ದಳು. ಮಾವನಿಗೆ ಕಣ್ಣು ಮಂಜು, ಗಂಡುಮಕ್ಕಳಿಲ್ಲ. ಮಗಳನ್ನು ಕಳಿಸಲಾರ, ಅಳಿಯ ಬಂದರೆ ಇಟ್ಟುಕೊಳ್ಳುತ್ತೇನೆ ಎನ್ನುತ್ತಿದ್ದ. ಮಡಿವಂತ ಮನುಷ್ಯ. ಮೀನಿನವಳು ಬೀದಿಯಲ್ಲಿ ಕೂಗಿ ಹೋದರೂ ಅಂಗಳ ತೊಳೆಸುತ್ತಿದ್ದ. ಹೀಗಾಗಿ ಅಮರಗುಂಡಪ್ಪ ಸಂಸಾರ ಮಾಡಿದ್ದು ಹೆಚ್ಚಾಗಿ ಮಸ್ಕಿ ದಾಟುವ ಬಸ್ಸಿನಲ್ಲಿ. ಒಂದೇ ಮನೆಯಲ್ಲಿದ್ದು ದಿನವಿಡೀ ಕಚ್ಚಾಡುವ ಮೀನುಗಳನ್ನು ಕಂಡು ಅವನಿಗೆ ಹೊಟ್ಟೆಕಿಚ್ಚಾಯಿತು.

ಮನೆಯೊಡತಿ ಬಸವಣ್ಣೆಮ್ಮ ಬಾಗಿಲಿಗೆ ಬಂದವಳು ತೊಟ್ಟಿ ಕಂಡು ಚೀರಿದಳು.

"ಲಿಂಗ ಕಟ್ಟಿದವರ ಮನ್ಯಾಗ ಮೀನಾ?"

"ತಿನ್ನಾಕಲ್ಲಬೇ, ನೋಡಾಕ."

"ತಿನ್ನೋರು ಹಸಿವಿಗೆ ತಿಂತಾರ. ನೋಡೋರಿಗೇನ್ ಬ್ಯಾನಿ?" ಎಂದು ಕೇಳಿ, ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ರೊಟ್ಟಿಯ ಹೊತ್ತಿನವರೆಗೂ ನೋಡಿದಳು.

ಅಷ್ಟರಲ್ಲಿ ಅಮರಗುಂಡಪ್ಪ ಹೇಳಿಕಳಿಸಿದ್ದಕ್ಕೆ ಮೀನು ಮಾರುವ ಪೀರ್‌ಬೀ ಹಳ್ಳದ ಜೀವಂತ ಮೀನುಗಳನ್ನು ಕೊಡದಲ್ಲಿ ತಂದಳು. ಆ ಓಣಿಯಲ್ಲಿ ಮೀನಿನ ಮುಖವನ್ನು ನೇರವಾಗಿ ನೋಡಿದವರು ಒಬ್ಬರೂ ಇಲ್ಲದ ಕಾರಣ ಸಲಹೆಗೆ ಕೊರತೆಯಾಗಲಿಲ್ಲ. ಕಚೇರಿಯ ಪೇಶ್ಕಾರ ಗ್ಯಾನಪ್ಪ ಅರ್ಧ ಊರಿನ ಹೆಣ್ಣು ಗಂಡು ಕೂಡಿಸಿದವನು. ಕೊಡದೊಳಗೆ ಮುಖ ಹಾಕಿದ.

"ಯಾವ ಹಳ್ಳದವು ಇವು? ಮನೆತನ ಹೆಂಗೈತಿ?"

"ಅಯ್ಯ, ನಾ ಮೀನ ಮಾರಾಕ ಬಂದೀನೊ, ಹೆಣ್ಣ ತೋರ್ಸಾಕ ಬಂದೀನೊ?" ಎಂದಳು ಪೀರ್‌ಬೀ.

ಮೇಲ್ಗಡೆ ಸಣ್ಣ ಬಿಳಿ ಮೀನುಗಳು ಮಿಂಚುತ್ತ ಓಡಾಡುತ್ತಿದ್ದವು. ಅಮರಗುಂಡಪ್ಪ ಅವನ್ನೇ ತೋರಿಸಿದ. "ಸಾಹೇಬ್ರು ಇಂಥಾವು ಅಂದಾರ."

"ಸಾಹೇಬ್ರಿಗೇನ್ ಗೊತ್ತಲೇ! ಒಂದ ಕಡೆ ನಿಂದ್ರವಲ್ಲವು. ಇಂಥಾ ಚಂಚಲದವ್ರನ್ನ ಸಂಸಾರಸ್ಥರ ಮನ್ಯಾಗ ಬಿಡ್ತಾರೇನು? ತಳದಾಗ ನೋಡು."

ತಳದಲ್ಲಿ ಗೇಣುದ್ದದ ಕರಿ ಮೀನೊಂದು ಮೀಸೆ ಹರಡಿಕೊಂಡು, ಊಟ ಮುಗಿಸಿದ ಗೌಡನಂತೆ ಮಲಗಿತ್ತು.

"ಗಂಡ ಹೆಂಡ್ತಿ ಜಗಳ ಅಂದಮ್ಯಾಲ ಬುದ್ಧಿ ಹೇಳಾಕ ಒಬ್ಬ ಹಿರಿಯ ಬೇಕು," ಎಂದ ಗ್ಯಾನಪ್ಪ. "ಮೀಸಿ ನೋಡು. ಬಾಯಿ ಎಷ್ಟ ದೊಡ್ಡದೈತಿ ನೋಡು. ತೂಕದ ಮಾತ ಬರೋ ಬಾಯಿ."

ಬಸವಣ್ಣೆಮ್ಮನೂ ಒಪ್ಪಿದಳು. "ಆವಾಗಿಂದ ಒಂದ ಸಲಾನೂ ಮಿಸುಕಿಲ್ಲ. ಶರಣ ಇದ್ದಂಗ ಐತಿ."

ಪೀರ್‌ಬೀ ತನಗೆ ಗೊತ್ತಿದ್ದ ಒಂದೇ ಗುಣವನ್ನು ಹೇಳಿದಳು. "ಸಾರು ಮಸ್ತ್ ಆಗ್ತೈತ್ರಿ." ಬಸವಣ್ಣೆಮ್ಮ ಕಿವಿ ಮುಚ್ಚಿಕೊಂಡಳು.

ಹಿರಿಯ ತೊಟ್ಟಿಗಿಳಿದ. ಗಂಡು ಮೀನು ಕುಡಿಕೆಯ ಹಿಂದೆ ಸರಿಯಿತು. ಹಿರಿಯ ಒಮ್ಮೆ ಬಾಯಿ ತೆರೆದ. ಅದರಲ್ಲಿ ಗಂಡ ಹೆಂಡತಿ ಇಬ್ಬರೂ ಹಾಸಿಗೆ ಸಮೇತ ಹಿಡಿಸುತ್ತಿದ್ದರು. ಅಮರಗುಂಡಪ್ಪನಿಗೆ ಸಿಂಧನೂರು ಕಣ್ಣೆದುರೇ ಆ ಬಾಯೊಳಗೆ ಹೋದಂತಾಯಿತು.

"ತಗೀರಿ ಅದನ್ನ!"

"ಹಿರಿಯರನ್ನ ಕರೆದು ಕುಂದ್ರಿಸಿ ಎಬ್ಬಸ್ತಾರೇನಲೇ? ಅಪಮಾನ," ಎಂದ ಗ್ಯಾನಪ್ಪ.

ಅಮರಗುಂಡಪ್ಪ ತಾನೇ ಕೈ ಹಾಕಿದ. ಹಿರಿಯನ ರೆಕ್ಕೆಯ ಮುಳ್ಳು ಹೆಬ್ಬೆರಳಿಗೆ ನಾಟಿ, ಬೆರಳು ಬದನೆಕಾಯಿಯಾಯಿತು. ಅವನು ಕುಣಿಯುತ್ತಿರುವಾಗಲೇ ಬಸವಣ್ಣೆಮ್ಮ ಕೂಗಿದಳು.

"ಹೆಣ್ಣ ಮೀನ ನೋಡ್ರೋ! ಹಳದಿ ಆಗೇತಿ. ಕಾಮಾಲಿ!"

ನಿಜ. ಬೆಳಿಗ್ಗೆ ಬೂದಿ ಬಣ್ಣವಿದ್ದ ಹೆಂಡತಿ ಈಗ ಅರಿಸಿನದ ಕೊಂಬು. ಸಾಲದ್ದಕ್ಕೆ ಕುಡಿಕೆಯ ಒಳಮೈಯಲ್ಲಿ ಸಣ್ಣ ಕೆಂಪು ಚುಕ್ಕೆಗಳು ಕಂಡವು.

"ದಡಾರನೂ ಎದ್ದೈತಿ."

"ಕುಡಿಕಿಗೆ ದಡಾರ ಏಳತೈತೇನಬೇ?"

"ಕಾಲ ಕೆಟ್ಟೈತಿ," ಎಂದು ಬಸವಣ್ಣೆಮ್ಮ ತೊಟ್ಟಿಗೆ ಬೇವಿನ ತೊಪ್ಪಲು ಕಟ್ಟಿದಳು.

ರೋಗಿಯೇ ಎದ್ದು ಹಿರಿಯನ ಮೀಸೆ ಹಿಡಿದು ಜಗ್ಗಿತು. ಗಂಡನಿಗೂ ಧೈರ್ಯ ಬಂದು ಬಾಲಕ್ಕೆ ಬಾಯಿ ಹಾಕಿತು. ಸಂಜೆಯ ಹೊತ್ತಿಗೆ ಹಿರಿಯ ಹರಿದ ಬಾಲದೊಂದಿಗೆ ಮೂಲೆ ಹಿಡಿದಿದ್ದ. ಬುದ್ಧಿ ಹೇಳಲು ಹೋದ ಹಿರಿಯರಿಗೆ ಆಗುವುದೇ ಅಷ್ಟು.

ಸಾಹೇಬರ ಬೂಟಿನ ಸಪ್ಪಳ ಕೇಳಿದ್ದೇ ಗ್ಯಾನಪ್ಪ ಮುಂದೆ ಹಾರಿದ. "ನಾ ಬ್ಯಾಡ ಅಂದ್ನಿರಿ ಸಾಹೇಬ್ರ. ಈ ಮೀಸಿ ಮೀನ ಆರಿಸಿದ್ದು, ಬಿಟ್ಟದ್ದು, ಎಲ್ಲಾ ಅಮರಗುಂಡಪ್ಪ ಒಬ್ಬಂದೇ ಕೆಲಸ."

"ಒಬ್ಬಂದೇ," ಎಂದಳು ಬಸವಣ್ಣೆಮ್ಮ.

ಸಾಹೇಬರು ಮೊಣಕಾಲೂರಿ ಕುಡಿಕೆಗೆ ಬ್ಯಾಟರಿ ಹಿಡಿದರು.

"ಕಮಾಲ್!" ಎಂದರು. "ಮೊಟ್ಟಿ! ದೇವಡಿಯವರ ಕೈಲೂ ಆಗಿದ್ದಿಲ್ಲ ಇದು. ತಾಯಿ ಮೊಟ್ಟಿ ಕಾಯೋವಾಗ ಹಿಂಗ ಹಳದಿ ಆಗ್ತಾಳ. ನಡುವ ಒಬ್ಬ ವೈರಿನ್ನ ಬಿಟ್ರ ಗಂಡ ಹೆಂಡ್ತಿ ಒಂದಾಗ್ತಾರ ಅಂತ ನಿನಗ ಹೆಂಗ ಹೊಳೀತೋ? ಒಬ್ಬನೇ ಮಾಡಿದಿ?"

ಗ್ಯಾನಪ್ಪ ಬಾಯಿ ತೆರೆದ. ತಡವಾಗಿತ್ತು.

"ನಿನ್ನ ಸಿಂಧನೂರಿನ ಬದ್ಲಿ ಆತು," ಎಂದರು ಸಾಹೇಬರು. ಅಮರಗುಂಡಪ್ಪನ ಕಣ್ಣು ತುಂಬಿದವು. "ಕಾಲುವೆ ನೀರ ಬಂತಲ್ಲ, ಅಲ್ಲಿ ಸರಕಾರ ಮೀನಿನ ಹೊಂಡ ತೆಗದೈತಿ. ಲಾಯಕ್ ಮನುಷ್ಯಾ ಸಿಗದ ಕೂತಾರ. ಮೀನ ಸಾಕೋದು, ಹಿಡಿಸೋದು, ಮಾರ್ಸೋದು, ಎಲ್ಲಾ ಇನ್ನ ನಿಂದ. ಈ ಮೀಸಿ ಮೀನನೂ ಒಯ್ಯಿ. ಹೊಸ ಜಾಗಾ, ಜೋಡಿಗಿರಲಿ."

ಮರುದಿನ ಬೆಳಿಗ್ಗೆ ಬಸ್ಸು ಮಸ್ಕಿಯಲ್ಲಿ ಚಹಾಕ್ಕೆ ನಿಂತಷ್ಟರಲ್ಲಿ ಸುದ್ದಿ ಅವನನ್ನು ದಾಟಿ ಮುಂದೆ ಹೋಗಿತ್ತು. ಸಿಂಧನೂರಿನಲ್ಲಿ ಮಾವನ ಅಂಗಳ ಆಗಲೇ ತೊಳೆದಿತ್ತು. ಬಾಗಿಲು ಹಾಕಿತ್ತು. ಕಿಟಕಿಯಲ್ಲಿ ಕಲ್ಯಾಣಮ್ಮ ನಿಂತಿದ್ದಳು.

"ಮೀನಿನ ನೌಕರಿ ಮಾಡೋ ಅಳಿಯನ್ನ ಒಳಗ ಬಿಡಾಂಗಿಲ್ಲ ಅಂತಾನ ಅಪ್ಪ," ಎಂದಳು. ಆಮೇಲೆ ಅವನ ಕಂಕುಳಲ್ಲಿದ್ದ ಕೊಡವನ್ನು ನೋಡಿದಳು. "ಅದರಾಗೇನೈತಿ?"

"ಜೋಡಿಗಿರಲಿ ಅಂತ ಸಾಹೇಬ್ರು ಕೊಟ್ಟಾರ."

"ಜೋಡಿ ಸಿಕ್ಕೈತಲ್ಲ. ಮತ್ತ ನಾ ಯಾಕ?"

ಕಿಟಕಿಯೂ ಮುಚ್ಚಿತು. ಕೊಡದಲ್ಲಿ ಹಿರಿಯ, ಗಂಡ ಹೆಂಡತಿಗೆ ಬುದ್ಧಿ ಹೇಳುವವನಂತೆ, ಒಮ್ಮೆ ಬಾಯಿ ತೆರೆದು ಮುಚ್ಚಿದ.